ತವರು ಕೊಟ್ಟ ಮಗ್ಗ

ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಆದರೂ ಚಳಿಗಾಲ ಬಂತೆಂದರೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನನ್ನ ಕಿವಿ ಬಾಗಿಲ ಕಡೆಗೇ ಇರುತ್ತದೆ. ಮಹಬೂಬನಗರದ ಬಸ್ಸು ಇಳಿದು, ಹೊಸ ಚೀಲ ಹೆಗಲಿಗೆ ಹಾಕಿಕೊಂಡು, ಹೊಸ್ತಿಲಾಚೆಯೇ ನಿಂತು "ಒಳಗ ಬರ್ಲೇನ್ರಿ ಮೇಡಂ?" ಎಂದು ಕೇಳುವ ವಿದ್ಯಾರ್ಥಿಗಳು ಇನ್ನೇನು ಬಂದೇ ಬಿಡುತ್ತಾರೆ ಅನ್ನಿಸುತ್ತದೆ.

ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಒಂದು ಮಹಿಳಾ ಸಲಹಾ ಕೇಂದ್ರದಲ್ಲಿ ನಾನು ಸಲಹೆಗಾರ್ತಿಯಾಗಿದ್ದೆ. ಮನೆಯಲ್ಲಿ ಹೊಡೆತ ತಿಂದವರು, ಗಂಡ ಬಿಟ್ಟವರು, ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೆಂದು ತಿಳಿಯದವರು ನಮ್ಮಲ್ಲಿಗೆ ಬರುತ್ತಿದ್ದರು. ಸಮಾಜಕಾರ್ಯ ಓದುವ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಇಂಥ ಕಡೆ ಬಂದು ಮೂರು ತಿಂಗಳು ಕ್ಷೇತ್ರಕಾರ್ಯ ಮಾಡಬೇಕು. ತರಗತಿಯಲ್ಲಿ ಅವರು ಕಾನೂನು ಓದಿರುತ್ತಾರೆ. ಇಲ್ಲಿ ಅದೇ ಕಾನೂನನ್ನು ಎದುರಿಗೆ ಕೂತ ಒಬ್ಬ ಹೆಂಗಸಿನ ಬದುಕಿಗೆ ಹೊಂದಿಸಿ ನೋಡಬೇಕು. ಆಗ ಅವರ ಪಕ್ಕದಲ್ಲಿರುವುದು ನನ್ನ ಕೆಲಸವಾಗಿತ್ತು. ನಾನು ವಕೀಲಳಲ್ಲ. ಕಾನೂನು ಕಲಿತದ್ದೆಲ್ಲ ಆ ಕೇಂದ್ರದ ಬೆಂಚಿನ ಮೇಲೆ, ಬಂದವರಿಂದ.

ಕೇಂದ್ರವೆಂದರೆ ಒಂದು ಹಳೆಯ ಮನೆಯ ಎರಡು ಕೋಣೆ. ಅಂಗಳದಲ್ಲಿ ಬೇವಿನ ಮರ. ಹಿಂದಿನ ಓಣಿಯಲ್ಲಿ ನೇಕಾರರ ಮನೆಗಳಿದ್ದುದರಿಂದ ದಿನವಿಡೀ ಮಗ್ಗದ ಸಪ್ಪಳ ಕೇಳುತ್ತಿತ್ತು. ಹೊಸ ವಿದ್ಯಾರ್ಥಿಗಳಿಗೆ ಮೊದಲ ಎರಡು ದಿನ ಅದು ಕಿರಿಕಿರಿ. ಮೂರನೆಯ ದಿನಕ್ಕೆ ಯಾರಿಗೂ ಕೇಳುತ್ತಲೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಮರದ ಕೆಳಗೆ ಚಾಪೆ ಹಾಸಿ ಕೂತು ಅವರ ದಿನಚರಿಗಳನ್ನು ಓದುತ್ತಿದ್ದೆವು. ಪಕ್ಕದ ಹೋಟೆಲಿನಿಂದ ಚಹಾ ಬರುತ್ತಿತ್ತು. ಈಗ ನೆನೆದರೆ ನನ್ನ ಇಡೀ ವೃತ್ತಿಯಲ್ಲಿ ಆ ಶನಿವಾರಗಳಷ್ಟು ಸುಖದ ಹೊತ್ತು ಇನ್ನೊಂದಿರಲಿಲ್ಲ.

ನಾನು ಹೇಳಹೊರಟಿರುವ ವರ್ಷ ಬಂದವರು ಇಬ್ಬರು. ಒಬ್ಬಳಿಗೆ ಇಪ್ಪತ್ತೆರಡು. ಮಹಬೂಬನಗರದವಳು, ಮನೆಮಾತು ತೆಲುಗು, ತರಗತಿಗೇ ಮೊದಲನೆಯವಳು. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಕಲಮುಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು. ಇನ್ನೊಬ್ಬಳಿಗೆ ಮೂವತ್ತು ದಾಟಿತ್ತು. ಮಕ್ತಲ್ ಕಡೆಯ ಕುರುಬರ ಮನೆಯವಳು. ಮದುವೆಯಾಗಿ, ಮಗಳನ್ನು ಶಾಲೆಗೆ ಹಾಕಿದ ಮೇಲೆ ಮತ್ತೆ ಓದಲು ಹೊರಟವಳು. ಅವಳಿಗೆ ಕಾನೂನಿನ ಪುಸ್ತಕವೆಂದರೆ ಭಯ. "ನಮ್ಮ ಮನ್ಯಾಗ ಕಾನೂನಂದ್ರ ಕುರಿ ಹಿಡಕೊಂಡು ಹೋಗೋ ಫಾರೆಸ್ಟ್ ಗಾರ್ಡ್ ಒಬ್ಬನ ರೀ," ಎಂದು ಮೊದಲ ದಿನವೇ ಹೇಳಿ ನಗಿಸಿದ್ದಳು. ನಾನು ಅವರನ್ನು ಚಿಕ್ಕಾಕಿ, ದೊಡ್ಡಾಕಿ ಎಂದು ಕರೆಯುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ. ಚಿಕ್ಕಾಕಿ ಆಡಿದ್ದು ಹೆಚ್ಚಾಗಿ ತೆಲುಗು. ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರು ಬಂದ ಎರಡನೆಯ ವಾರ ಒಬ್ಬ ಹೆಂಗಸು ಬಂದಳು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ತವರು ಮಕ್ತಲ್ ಹತ್ತಿರದ ಹಳ್ಳಿ, ಕೊಟ್ಟದ್ದು ಗದ್ವಾಲಿಗೆ. ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಬೆಂಚಿನ ತುದಿಗೆ ಕೂತಳು. ಚಿಕ್ಕಾಕಿ ತಾನೇ ಮಾತಾಡುತ್ತೇನೆ ಎಂದಳು. ಸರಿ ಎಂದೆ.

ಅವಳು ಫಾರಂ ತೆಗೆದು, ಅದರಲ್ಲಿದ್ದ ಕ್ರಮದಲ್ಲೇ ಪ್ರಶ್ನೆ ಕೇಳತೊಡಗಿದಳು. ಹೊಡೆದಿದ್ದಾರಾ, ಎಷ್ಟು ಸಲ, ಯಾವುದರಿಂದ, ಬೈದಿದ್ದಾರಾ, ಏನೆಂದು ಬೈದರು. ಆ ಹೆಂಗಸಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಎರಡೂ ಬರುತ್ತವೆ. ಆದರೆ ಉತ್ತರಗಳು ಗಿಡ್ಡವಾಗುತ್ತ ಹೋದವು. ಕೊನೆಗೆ "ನನ್ನ ಕೆಲಸ ನಿಂತೈತ್ರಿ" ಎಂದು ಕನ್ನಡದಲ್ಲಿ ಹೇಳಿ ಸುಮ್ಮನಾದಳು. ಚಿಕ್ಕಾಕಿ ಅದನ್ನು ಕೇಳಿ ಬರೆದುಕೊಂಡಳು. ಇನ್ನೂ ಎರಡು ಪುಟ ಬಾಕಿ ಇದ್ದಾಗಲೇ ಆ ಹೆಂಗಸು ಎದ್ದು, "ಬಸ್ಸಿಗೆ ಹೊತ್ತಾತ್ರಿ" ಎಂದು ಹೊರಟೇಬಿಟ್ಟಳು.

ಶನಿವಾರ ಚಿಕ್ಕಾಕಿಯ ದಿನಚರಿ ಓದಿದೆ. ಉದ್ಯೋಗ: ಇಲ್ಲ. ಸ್ವಂತ ಇಚ್ಛೆಯಿಂದ ಗಂಡನ ಮನೆ ಬಿಟ್ಟು ಬಂದಿದ್ದಾರೆ. ಸಹಕರಿಸಲಿಲ್ಲ.

"ಸ್ವಂತ ಇಚ್ಛೆಯಿಂದ ಅಂತ ಅವರೇ ಹೇಳಿದರಾ?"

"ವಚ್ಚೇಸ್ನ ಅಂದರು ಮೇಡಂ. ಬಂದುಬಿಟ್ಟೆ ಅಂತ. ಅದನ್ನೇ ಬರೆದೆ."

"ನಾಳೆ ಇದು ಕೋರ್ಟಿಗೆ ಹೋದರೆ ಆ ಒಂದು ಸಾಲು ಹಿಡಿದು ಗಂಡನ ವಕೀಲ ಏನು ಹೇಳುತ್ತಾನೆ?"

ಚಿಕ್ಕಾಕಿಯ ಮುಖ ಸಣ್ಣದಾಯಿತು. ಕಾನೂನು ಗೊತ್ತಿದ್ದವಳಲ್ಲವೇ, ಹೇಳುವ ಮೊದಲೇ ಅರ್ಥವಾಯಿತು. ದೊಡ್ಡಾಕಿ ಅಷ್ಟು ಹೊತ್ತು ಸುಮ್ಮನಿದ್ದವಳು, "ಆಕಿ ಎಡಗೈ ಬಾತಿತ್ರಿ. ಸೆರಗಿನಾಗ ಮುಚ್ಚಿಕೊಂಡಿದ್ಳು," ಎಂದಳು.

"ನೋಡಿದ್ದಿ ಮತ್ತ, ಆವಾಗ ಯಾಕ ಹೇಳ್ಲಿಲ್ಲ?"

"ಫಾರಂ ತುಂಬಾಕತ್ತಿದ್ರಲ್ರಿ. ನಡುವ ಬಾಯಿ ಹಾಕಬಾರದಂತ ಸುಮ್ಮನಿದ್ದೆ."

ಇಬ್ಬರನ್ನೂ ಬೈಯಲು ನನಗೆ ಮನಸ್ಸಾಗಲಿಲ್ಲ. ಬದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಣೆಯೊಡೆದುಕೊಂಡು ಬಂದ ಹೆಂಗಸೊಬ್ಬಳನ್ನು ಆ ಗಳಿಗೆಯಲ್ಲೇ ಠಾಣೆಗೆ ಕರೆದೊಯ್ದು ಫಿರ್ಯಾದು ಕೊಡಿಸಿದ್ದೆ. ಅವಳಿಗೇನು ಬೇಕೆಂದು ಒಂದು ಮಾತು ಕೇಳಿರಲಿಲ್ಲ. ಮಾರನೆಯ ದಿನ ಅವಳು ಫಿರ್ಯಾದು ಹಿಂದಕ್ಕೆ ಪಡೆದಳು. ಆಮೇಲೆ ಬಜಾರಿನಲ್ಲಿ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಅಪ್ಪ ನೆನಪಾಗಬೇಕಿತ್ತು. ಅಪ್ಪ ತಹಸೀಲು ಕಚೇರಿಯ ಮುಂದೆ ಕೂತು ಜನರಿಗೆ ದರಖಾಸ್ತು ಬರೆದುಕೊಡುತ್ತಿದ್ದರು. ಬಂದವರ ಮಾತು ಪೂರ್ತಿ ಮುಗಿಯುವ ತನಕ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ನೋಡುತ್ತಲೇ ಬೆಳೆದಿದ್ದೆ. ಆದರೂ ನನಗೆ ಅದು ಬುದ್ಧಿಗೆ ಬಂದದ್ದು ಎಡವಿದ ಮೇಲೆಯೇ.

ಮುಂದಿನ ವಾರ ಆ ಹೆಂಗಸಿಗೆ ಫೋನು ಮಾಡಿ, ಬರಬಹುದೇ ಎಂದು ಕೇಳಿ, ಮೂವರೂ ಅವಳ ತವರಿಗೆ ಹೊರಟೆವು. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಹಳ್ಳಿಯ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು. ದೊಡ್ಡಾಕಿ ಕಾಗದದಲ್ಲಿ ಮಂಡಕ್ಕಿ ಒಗ್ಗಾಣಿ, ಮೇಲೆರಡು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಳು. ಚಿಕ್ಕಾಕಿ ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡದ್ದು, ದೊಡ್ಡಾಕಿ ತನ್ನ ಸೆರಗಿನಿಂದಲೇ ಅವಳ ಮೂಗು ಒರೆಸಿದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಯವರೆಗೆ ಒಬ್ಬರನ್ನೊಬ್ಬರು "ಮೀರು, ನೀವು" ಎನ್ನುತ್ತಿದ್ದವರು ಅಂದಿನಿಂದ ಅಕ್ಕ, ತಂಗಿ ಆದರು.

ಹಳ್ಳಿಯಲ್ಲಿ ಅವಳ ಅಣ್ಣನ ಮನೆ. ಅಪ್ಪ ತೀರಿಕೊಂಡಿದ್ದ. ಅವ್ವ ನಮಗೆ ಚೆಂಬಿನಲ್ಲಿ ನೀರು ಕೊಟ್ಟು ಒಳಗೆ ಹೋದಳು. ಈ ಸಲ ಫಾರಂ ಚೀಲದಲ್ಲೇ ಇತ್ತು. ದೊಡ್ಡಾಕಿ ಅವಳ ಪಕ್ಕಕ್ಕೇ ಕೂತು, "ಕೈ ಹೆಂಗೈತಿ ಈಗ?" ಎಂದಳು.

ಅವಳು ಮೊದಲ ಬಾರಿಗೆ ಕೈಯನ್ನು ಹೊರಗೆ ತೆಗೆದಳು. ಬಾವು ಇಳಿದಿತ್ತು, ಹಸಿರುಗಟ್ಟಿದ ಕಲೆ ಉಳಿದಿತ್ತು. "ಲಾಳಿ ಒಗಿಯಾಕ ಬರ್ತೈತ್ರಿ ಈಗ. ಆದ್ರ ಒಗಿಯಾಕ ಮಗ್ಗ ಎಲ್ಲೈತಿ?" ಎಂದಳು.

ಆಗ ತಿಳಿಯಿತು. ಅವಳು ನೇಕಾರಳು. ತವರಿನಲ್ಲೇ ಅಪ್ಪನಿಂದ ಕಲಿತವಳು. ಗದ್ವಾಲಿನಲ್ಲಿ ಅವಳೂ ಅತ್ತೆಯೂ ಸೇರಿ ಸೀರೆ ನೇಯುತ್ತಿದ್ದರು. ಆ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಅವೆರಡನ್ನೂ ನೇಯುತ್ತಲೇ ಜೋಡಿಸಿಕೊಂಡು ಹೋಗಬೇಕು. ಅದಕ್ಕೆ ಒಂದು ಮಗ್ಗದಲ್ಲಿ ಇಬ್ಬರು ಕೂಡುತ್ತಾರೆ. ಗಂಡ ಸಾವುಕಾರರ ಮನೆಯಿಂದ ನೂಲು ತಂದು, ನೇಯ್ದ ಸೀರೆ ಮುಟ್ಟಿಸಿ ಬರುವವನು. ಅವನು ಕೈ ಮಾಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಫೋನು ಎತ್ತಲಿಲ್ಲ, ಎದುರು ಮಾತಾಡಿದಳು, ಊಟ ಆರಿತ್ತು. ನಾಲ್ಕು ವರ್ಷ ಸಹಿಸಿದ್ದಳು. ಕೊನೆಯ ಸಲ ಮುಂಗೈ ತಿರುವಿದ್ದ.

"ಆವತ್ತ ನೀ ಮನಿ ಬಿಟ್ಟು ಬಂದಿ?" ದೊಡ್ಡಾಕಿ ಕೇಳಿದಳು.

"ಹೂಂ, ಬಂದ್ಬಿಟ್ಟೆ."

"ಹೆಂಗ ಬಂದಿ? ಒಳಗಿಂದ ಬಾಗಿಲ ತಕ್ಕೊಂಡು ಬಂದಿ?"

"ಇಲ್ರಿ. ದವಾಖಾನಿಗೆ ಹೋಗಿದ್ದೆ, ಕೈಗೆ ಪಟ್ಟಿ ಕಟ್ಟಿಸಿಕೊಳ್ಳಾಕ. ತಿರುಗಿ ಬರೋದ್ರಾಗ ಬಾಗಿಲಿಗಿ ಒಳಗಿಂದ ಕೀಲಿ ಹಾಕಿದ್ರು. ಅತ್ತಿ ಒಳಗೇ ಇದ್ರು. ಕೂಗಿದೆ, ತಗಿಲಿಲ್ಲ. ಸಂಜಿ ಬಸ್ಸಿಗೆ ಬಂದ್ಬಿಟ್ಟೆ."

ಚಿಕ್ಕಾಕಿ ನನ್ನ ಕಡೆ ನೋಡಿದಳು. ತನ್ನ ದಿನಚರಿ ತೆರೆದು ಆ ಸಾಲನ್ನು ಹೊಡೆದು ಹಾಕಿದಳು.

ಆಮೇಲೆ ಚಿಕ್ಕಾಕಿಯೇ ಸ್ತ್ರೀಧನದ ಮಾತೆತ್ತಿದಳು. ಮದುವೆಯಲ್ಲಿ ತವರಿನವರು ಹೆಣ್ಣಿಗೆಂದು ಕೊಟ್ಟದ್ದೆಲ್ಲ ಅವಳದೇ, ಗಂಡನ ಮನೆಯಲ್ಲಿ ಉಳಿದಿದ್ದರೆ ಕೋರ್ಟು ತಿರುಗಿ ಕೊಡಿಸಬಹುದು ಎಂದು ಬಿಡಿಸಿ ಹೇಳಿದಳು. "ಬಂಗಾರ? ಪಾತ್ರೆ? ಮಂಚ?" ಎಂದು ಒಂದೊಂದಾಗಿ ಕೇಳಿದಳು. ಆ ಹೆಂಗಸು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದಳು. ಕೊರಳಲ್ಲಿ ಇದ್ದದ್ದಷ್ಟೇ. "ನಮ್ಮಪ್ಪನ ಕಡಿ ಏನೂ ಇರ್ಲಿಲ್ರಿ."

ದೊಡ್ಡಾಕಿ ಪಡಸಾಲೆಯ ಒಂದು ಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ನೆಲದ ಸಾರಣೆಯ ಬಣ್ಣ ಬೇರೆಯಾಗಿತ್ತು. ಹಿಂದೊಮ್ಮೆ ಇದ್ದ ಕುಣಿಯನ್ನು ಮುಚ್ಚಿದ ಗುರುತು. ನಮ್ಮ ಕಡೆ ಕೈಮಗ್ಗವನ್ನು ನೆಲದಲ್ಲಿ ಕುಣಿ ತೋಡಿ ಅದರ ಮೇಲೆ ನಿಲ್ಲಿಸುತ್ತಾರೆ, ನೇಯುವವರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಕೂಡುತ್ತಾರೆ.

"ಇಲ್ಲಿದ್ದ ಮಗ್ಗ ಏನಾತು?" ದೊಡ್ಡಾಕಿ ಕೇಳಿದಳು.

"ಅದೇ ರೀ ಗದ್ವಾಲದಾಗ ಇರೋದು. ನಮ್ಮಪ್ಪ ಬಂಗಾರ ಹಾಕಾಕ ಆಗಲ್ಲ ಅಂತ ಲಗ್ನದಾಗ ನನಗ ಮಗ್ಗ ಕೊಟ್ಟ."

ಚಿಕ್ಕಾಕಿ ಕೂತಲ್ಲಿಂದ ಎದ್ದೇ ನಿಂತಳು. "ಮೇಡಂ! ಹತ್ತೊಂಬತ್ತನೇ ಕಲಮು!" ಎಂದು ಕೂಗಿದ ದನಿಗೆ ಒಳಗಿದ್ದ ಅವ್ವ ಹೆದರಿ ಹೊರಗೆ ಬಂದಳು. ಸ್ತ್ರೀಧನವೆಂದರೆ ಬಂಗಾರವೇ ಆಗಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಮಗ್ಗವನ್ನು ಆ ಪಟ್ಟಿಯಲ್ಲಿ ಸೇರಿಸಿ ನೋಡುವ ಯೋಚನೆ ಇಬ್ಬರಿಗೂ ಬಂದಿರಲಿಲ್ಲ.

ಕೊಟ್ಟದ್ದಕ್ಕೆ ಗುರುತು ಬೇಕಲ್ಲ. ಅವ್ವ ಟ್ರಂಕಿನಿಂದ ಮದುವೆಯ ಆಲ್ಬಂ ತಂದಳು. ಹುಡುಗಿಯನ್ನು ಕಳಿಸಿಕೊಡುವಾಗ ತೆಗೆದ ಚಿತ್ರ: ಮದುಮಕ್ಕಳು ಮುಂದೆ, ಹಿಂದೆ ಟ್ರ್ಯಾಕ್ಟರು, ಟ್ರಾಲಿಯಲ್ಲಿ ಬಿಚ್ಚಿ ಕಟ್ಟಿದ ಮಗ್ಗದ ಮರಗಳು, ಅವುಗಳಿಗೆ ಅರಿಶಿನ ಕುಂಕುಮ, ಒಂದು ಚೆಂಡುಹೂವಿನ ಮಾಲೆ. ಅತ್ತೆಯೂ ಅದೇ ಚಿತ್ರದಲ್ಲಿ ಟ್ರಾಲಿಗೆ ಕೈಯಿಟ್ಟು ನಿಂತಿದ್ದಳು. ಚಿಕ್ಕಾಕಿ ಅದನ್ನು ಮೊಬೈಲಿನಲ್ಲಿ ನಾಲ್ಕು ಸಲ ತೆಗೆದುಕೊಂಡಳು.

ಅಂದೇ ಅರ್ಜಿ ಬರೆಯಬೇಕೆಂಬುದು ಅವಳ ಆತುರ. ನಾನು ತಡೆದೆ. ಏನೇನು ಕೇಳಲು ಬರುತ್ತದೆ, ಕೇಳಿದರೆ ಏನಾಗಬಹುದು, ಕೇಳದಿದ್ದರೆ ಏನಾಗಬಹುದು, ಎಲ್ಲವನ್ನೂ ಆ ಹೆಂಗಸಿಗೆ ಹೇಳಿ, ಯೋಚಿಸಿ ಬಾ ಎಂದೆವು. ಗಂಡನ ಮನೆಯಲ್ಲೇ ಇರುವ ಹಕ್ಕು ಅವಳಿಗಿದೆ ಎಂಬುದನ್ನು ಚಿಕ್ಕಾಕಿ ಎರಡು ಸಲ ಹೇಳಿದಳು. ಎಂಟು ದಿನ ಸುದ್ದಿಯಿರಲಿಲ್ಲ. ಚಿಕ್ಕಾಕಿ ಬಾಗಿಲ ಕಡೆ ನೋಡಿ ನೋಡಿ ಸಾಕಾಗಿ, "ಅವರು ಬರೋದಿಲ್ಲ ಮೇಡಂ," ಎಂದು ಕೈಚೆಲ್ಲಿದಳು. ಒಂಬತ್ತನೆಯ ದಿನ ಆ ಹೆಂಗಸು ಅಣ್ಣನ ಜೊತೆ ಬಂದಳು.

"ನನಗ ಆ ಮನಿ ಬ್ಯಾಡ್ರಿ. ಅವ ಮೈ ಮುಟ್ಟಬಾರದು. ನನ್ನ ಮಗ್ಗ ನನಗ ಬೇಕು. ಇಷ್ಟ ಬರೀರಿ."

ಚಿಕ್ಕಾಕಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು. ಮನೆಯ ಹಕ್ಕು ಆ ಕಾಯ್ದೆಯಲ್ಲಿ ಅವಳಿಗೆ ಬಹಳ ಮೆಚ್ಚಿನ ಭಾಗ. ಆದರೂ ಬರೆದಳು. ಘಟನೆಯ ವರದಿಯನ್ನು ಮೂರು ಸಲ ತಿದ್ದಿಸಿದೆ. ದೊಡ್ಡಾಕಿ ಆ ಹೆಂಗಸಿನ ಮಾತನ್ನು ಕನ್ನಡದಲ್ಲಿ ಹಾಗೇ ಓದಿ ಹೇಳುವುದು, ಚಿಕ್ಕಾಕಿ ತೆಲುಗಿನಲ್ಲಿ ಬರೆಯುವುದು, ಬರೆದದ್ದನ್ನು ಮತ್ತೆ ಅವಳಿಗೆ ಓದಿ ಹೇಳುವುದು. "ಕೀಲಿ ಹಾಕಿದ್ರು" ಎಂಬ ಮಾತು ಈ ಸಲ ಹಾಗೇ ಉಳಿಯಿತು. ಇಂಥ ಅರ್ಜಿಗಳನ್ನು ನ್ಯಾಯಾಲಯಕ್ಕೆ ಮುಟ್ಟಿಸುವ ಸರಕಾರಿ ಸಂರಕ್ಷಣಾ ಅಧಿಕಾರಿ ಸಮಾಧಾನದ ಹೆಣ್ಣುಮಗಳು. ಓದಿ ಮುಗಿಸಿ, "ಇದನ್ನ ಯಾರು ಬರೆದದ್ದು?" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಕೋರ್ಟಿನ ದಿನ ಗಂಡ, ಅತ್ತೆ ಗದ್ವಾಲಿನಿಂದ ಬಂದರು. ಅತ್ತೆ ಐವತ್ತು ದಾಟಿದ ಗಟ್ಟಿ ಹೆಂಗಸು. ನ್ಯಾಯಾಧೀಶರು ಚಿಕ್ಕ ವಯಸ್ಸಿನವರು. ಚಿತ್ರವನ್ನು ಬಹಳ ಹೊತ್ತು ನೋಡಿ ಅತ್ತೆಯ ಕಡೆ ತಿರುಗಿದರು. ಈ ಮಗ್ಗ ಸೊಸೆಯ ತವರಿನದೇ ಎಂದು ಕೇಳಿದರು.

"ಹೌದ್ರಿ ಸಾಹೇಬ್ರ. ನಾ ಸುಳ್ಳ್ಯಾಕ ಹೇಳಲಿ? ಒಯ್ಲಿ. ಆದ್ರ ಮಗ್ಗ ಒಯ್ತಾಳ, ಕುಣಿ ಹೆಂಗ ಒಯ್ತಾಳಂತ ಕೇಳ್ರಿ."

ಕೂತವರೆಲ್ಲ ನಕ್ಕರು. ನ್ಯಾಯಾಧೀಶರೂ ನಗು ಮುಚ್ಚಲು ತಲೆ ತಗ್ಗಿಸಿದರು. ಆ ಹೆಂಗಸು ಮಾತ್ರ ನಗಲಿಲ್ಲ. ನಿಂತಲ್ಲಿಂದಲೇ, ದನಿ ಏರಿಸದೆ, "ಆ ಕುಣಿ ನಾನೇ ತೋಡೀನ್ರಿ," ಎಂದಳು. "ಲಗ್ನ ಆಗಿ ಒಂಬತ್ತ ದಿನಕ್ಕ. ಅವರ್ಯಾರೂ ಗುದ್ದಲಿ ಮುಟ್ಟಲಿಲ್ಲ."

ನಗು ನಿಂತುಹೋಯಿತು. ಅತ್ತೆ ಬೇರೆ ಕಡೆ ನೋಡಿದಳು. ಆ ಮಾತು ನಮ್ಮ ವರದಿಯಲ್ಲಿ ಎಲ್ಲೂ ಇರಲಿಲ್ಲ.

ಮಧ್ಯಂತರ ಆದೇಶವಾಯಿತು. ಗಂಡ ಅವಳ ಹತ್ತಿರ ಸುಳಿಯಕೂಡದು, ಮಗ್ಗವನ್ನು ಒಪ್ಪಿಸಬೇಕು. ಮಗ್ಗ ಬಿಚ್ಚುವ ದಿನ ಅವನು ಶಾಂತಿನಗರದಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗಿರಬೇಕೆಂದು ಗೊತ್ತುಮಾಡಿದರು.

ಆ ಬೆಳಿಗ್ಗೆ ಅಧಿಕಾರಿ, ಒಬ್ಬ ಮಹಿಳಾ ಪೇದೆ, ಅವಳ ಅಣ್ಣ, ನಾವು ಮೂವರು, ಅವಳು ಗದ್ವಾಲಿಗೆ ಹೋದೆವು. ಕೋಟೆಯ ಹಿಂದಿನ ಓಣಿಯಲ್ಲಿ ಸಣ್ಣ ಮನೆ. ಅತ್ತೆ ಬಾಗಿಲು ತೆರೆದು, ಮಾತಾಡದೆ ಪಕ್ಕಕ್ಕೆ ಸರಿದಳು. ಮಗ್ಗದ ಮೇಲೆ ಹಳೆಯ ಧೋತರವೊಂದನ್ನು ಹೊದಿಸಿದ್ದರು. ಸೊಸೆ ಅದನ್ನು ಸರಿಸಿದಾಗ ಕೆಳಗೆ ಸೀರೆ ಇತ್ತು. ಅವಳು ಬಿಟ್ಟು ಹೋದಾಗ ಎಷ್ಟಿತ್ತೋ ಅಷ್ಟೇ. ಗಿಳಿಹಸಿರು ಒಡಲು, ಸೆರಗು ಮಾತ್ರ ನೇಯುವುದಿತ್ತು. ಒಂದು ಚೂರೂ ಧೂಳು ಕೂತಿರಲಿಲ್ಲ. ಅಷ್ಟು ದಿನ ಯಾರೋ ದಿನಾ ಒರೆಸಿದ್ದರು. ಆ ಮನೆಯಲ್ಲಿ ಯಾರು ಒರೆಸಿರಬೇಕು ಎಂಬುದನ್ನು ಹೇಳಬೇಕಾಗಿರಲಿಲ್ಲ.

ಅಣ್ಣ ನೂಲು ಕತ್ತರಿಸಲು ಕುಡುಗೋಲು ತೆಗೆದ. ಅವಳು ಅವನ ಕೈ ಹಿಡಿದಳು.

"ಕೊಯ್ಯಬ್ಯಾಡಣ್ಣ. ಮುಗಿಸಿ ಇಳಸ್ತೀನಿ. ಮೂರು ದಿನ ಸಾಕು."

ಪೇದೆ ಗೊಣಗಿದಳು. ಅಧಿಕಾರಿ ಆದೇಶವನ್ನು ಮತ್ತೊಮ್ಮೆ ಓದಿದರು. ಇಂತಿಷ್ಟು ದಿನದೊಳಗೆ ಎಂದಿತ್ತೇ ಹೊರತು ಇವತ್ತೇ ಎಂದಿರಲಿಲ್ಲ. ಅದನ್ನು ಮೊದಲು ಹೇಳಿದವಳು ಚಿಕ್ಕಾಕಿ. ಆದರೆ ಅವಳೊಬ್ಬಳನ್ನೇ ಆ ಮನೆಯಲ್ಲಿ ಬಿಡುವುದು ಹೇಗೆ? ದೊಡ್ಡಾಕಿಗೆ ಗದ್ವಾಲಿನಲ್ಲಿ ಚಿಕ್ಕಮ್ಮನ ಮನೆಯಿತ್ತು. ಗಂಡ ಅಲ್ಲಿಯವರೆಗೆ ಶಾಂತಿನಗರದಲ್ಲೇ ಉಳಿಯುವುದು, ಹಗಲು ಇಬ್ಬರು ವಿದ್ಯಾರ್ಥಿಗಳೂ ಅವಳ ಜೊತೆ ಮಗ್ಗದ ಹತ್ತಿರ ಇರುವುದು, ಸಂಜೆ ಮೂವರೂ ಚಿಕ್ಕಮ್ಮನ ಮನೆಗೆ ಹೋಗುವುದು, ಪೇದೆ ಎರಡು ಹೊತ್ತು ಬಂದು ನೋಡಿ ಹೋಗುವುದು ಎಂದು ತೀರ್ಮಾನವಾಯಿತು. ಅವರನ್ನಷ್ಟೇ ಬಿಟ್ಟು ಹೋಗಲು ನನಗೆ ಧೈರ್ಯವಿರಲಿಲ್ಲ. ನಾನೂ ಉಳಿದೆ.

ಆಗೊಂದು ತೊಡಕು ಬಂತು. ಅಂಚು ಜೋಡಿಸಲು ಇನ್ನೊಬ್ಬರು ಬೇಕು. ಅವಳು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ನೂಲಿನ ಎಳೆಗಳನ್ನು ಸವರುತ್ತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಕೈ ಒರೆಸಿಕೊಂಡಳು. ಬಂದು ಸೊಸೆಯ ಬಲಕ್ಕೆ, ತನ್ನ ಜಾಗದಲ್ಲಿ, ಇಳಿದು ಕೂತಳು.

ಮೂರು ದಿನ ಅವರು ಹಾಗೆ ಕೂತು ನೇಯ್ದರು. ಮಾತೆಂದರೆ "ಎಳಿ ತಪ್ಪೈತಿ ನೋಡು", "ತಡಿ", "ಹೂಂ" ಇಷ್ಟೇ. ಲಾಳಿ ಈ ಕೈಯಿಂದ ಆ ಕೈಗೆ ಹೋಗುತ್ತಿತ್ತು, ಬರುತ್ತಿತ್ತು. ಮಧ್ಯಾಹ್ನ ಅತ್ತೆಯೇ ಎದ್ದು ಜೋಳದ ರೊಟ್ಟಿ ಬಡಿದು ಎಲ್ಲರಿಗೂ ಕೊಟ್ಟಳು. ನಾವು ತಿನ್ನಬಹುದೋ ಬಾರದೋ ಎಂದು ಚಿಕ್ಕಾಕಿ ನನ್ನ ಮುಖ ನೋಡಿದಳು. ಪ್ರತಿವಾದಿಯ ಮನೆಯ ಊಟ ಉಂಡದ್ದನ್ನು ದಿನಚರಿಯಲ್ಲಿ ಹೇಗೆ ಬರೆಯಬೇಕೆಂದು ನನಗೂ ಗೊತ್ತಿರಲಿಲ್ಲ. ಉಂಡೆವು. ಬಿಸಿ ರೊಟ್ಟಿ, ಪುಂಡಿಪಲ್ಯ. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಎರಡನೆಯ ದಿನ ಚಿಕ್ಕಾಕಿ ನನ್ನನ್ನು ಹೊರಗಿನ ಕಟ್ಟೆಗೆ ಕರೆದಳು. ಅವಳ ಕಣ್ಣು ಕೆಂಪಾಗಿದ್ದವು.

"ಮೇಡಂ, ಇವರಿಬ್ಬರೂ ಇಷ್ಟು ಚೆನ್ನಾಗಿ ಕೂತು ಕೆಲಸ ಮಾಡ್ತಾರೆ. ನಾವೇ ಮನೆ ಮುರಿದೆವಾ?"

ಅಷ್ಟರಲ್ಲಿ ನಮ್ಮ ಹಿಂದೆಯೇ ಬಂದಿದ್ದ ದೊಡ್ಡಾಕಿ ಅವಳ ಪಕ್ಕ ಕೂತಳು. "ಕೈ ತಿರುವಿದಾಗ ಈ ಅತ್ತಿ ಎಲ್ಲಿದ್ರು ಕೇಳಿದಿ? ಇಲ್ಲೇ ಇದ್ರು. ಚಂದ ನೇಯ್ತಾರ ಅಂದ್ರ ಆವತ್ತ ಬಿಡಿಸಿಕೊಂಡ್ರು ಅಂತಲ್ಲವಾ ತಂಗಿ." ಸ್ವಲ್ಪ ತಡೆದು, "ನಾ ನಮ್ಮತ್ತಿ ಜೋಡಿ ಹಿಂಗ ಕುಂತು ಉಣ್ಣಿ ಬಿಡಸೀನಿ. ಆಕಿ ನನ್ನ ಮ್ಯಾಲ ಕೂಗಿದ್ದೂ ಐತಿ. ಎರಡೂ ಇರ್ತಾವ," ಎಂದಳು.

ಹತ್ತಾರು ವರ್ಷ ನಾನು ವಿದ್ಯಾರ್ಥಿಗಳಿಗೆ ಹೇಳಲು ಹುಡುಕುತ್ತಿದ್ದ ಮಾತನ್ನು ಅವಳು ಕುರಿಯ ಉಣ್ಣೆಯಲ್ಲಿ ಹೇಳಿ ಮುಗಿಸಿದ್ದಳು.

ಮೂರನೆಯ ದಿನ ಮಧ್ಯಾಹ್ನ ಸೀರೆ ಇಳಿಯಿತು. ಅತ್ತೆ ಸೊಸೆ ಇಬ್ಬರೂ ಎರಡು ತುದಿ ಹಿಡಿದು ಬಿಸಿಲಿಗೆ ತಂದು ನೋಡಿದರು, ಮಡಿಸಿದರು. ಅದು ಸಾವುಕಾರರ ಸೀರೆ, ಅತ್ತೆಯ ಹತ್ತಿರವೇ ಉಳಿಯಿತು. ಅಣ್ಣ ಮಗ್ಗ ಬಿಚ್ಚತೊಡಗಿದ. ಬಟ್ಟೆ ಸುತ್ತುವ ದಿಂಡು, ಕಾಲಲ್ಲಿ ತುಳಿಯುವ ಹಲಗೆಗಳು, ಕಂಬಗಳು ಒಂದೊಂದಾಗಿ ಟ್ರಾಲಿ ಆಟೋ ಸೇರಿದವು. ಕೊನೆಗೆ ನೆಲದಲ್ಲಿ ಕುಣಿ ಒಂದೇ ಉಳಿಯಿತು. ಅವಳು ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಇರು ಎನ್ನಲಿಲ್ಲ. ಹೋಗಿ ಬಾ ಎಂದೂ ಅನ್ನಲಿಲ್ಲ. ಒಳಗಿನಿಂದ ಎರಡು ಲಾಳಿ ತಂದು, "ಇವೂ ನಿನ್ನವ," ಎಂದು ಕೈಗಿತ್ತಳು.

ನಾವು ಆಟೋ ಹಿಂದೆಯೇ ಜುರಾಲ ಅಣೆಕಟ್ಟಿನ ದಾರಿಯಲ್ಲಿ ಹೊರಟೆವು. ಅಣೆಕಟ್ಟಿನ ಮೇಲೆ ಗಾಳಿ ಜೋರಾಗಿತ್ತು. ದಂಡೆಯಲ್ಲಿ ಮೀನು ಹುರಿಯುವ ವಾಸನೆ. ಅವಳು ಆಟೋದ ಹಿಂಬದಿಯಲ್ಲಿ ಕಂಬಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನೀರಿನ ಕಡೆ ಮುಖ ಮಾಡಿ ಕೂತಿದ್ದಳು. ಚಿಕ್ಕಾಕಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಕೇಸು ಮತ್ತೊಂದು ವರ್ಷಕ್ಕೂ ಮೇಲೆ ನಡೆಯಿತು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾದರು. ಅಷ್ಟರಲ್ಲಿ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಮುಗಿದು ಬಹಳ ಕಾಲವಾಗಿತ್ತು. ಚಿಕ್ಕಾಕಿ ಸಮಾಜಕಾರ್ಯ ಮುಗಿಸಿ ಮತ್ತೆ ಕಾನೂನು ಓದಲು ಸೇರಿದಳು. ಈಗ ವಕೀಲಳು. ಮಾತು ಮುಂಚಿನಷ್ಟೇ ಜೋರು, ಆದರೆ ನಡುವೆ ನಿಲ್ಲಿಸಿ ಕೇಳುವುದನ್ನು ಕಲಿತಿದ್ದಾಳೆ. ದೊಡ್ಡಾಕಿ ಮಕ್ತಲ್ ಕಡೆಯೇ ಹೆಂಗಸರ ಸಂಘಗಳೊಂದಿಗೆ ಕೆಲಸ ಮಾಡುತ್ತಿದ್ದಾಳೆ. ಆ ನೇಕಾರಳ ಹಳ್ಳಿ ಅವಳ ದಾರಿಯಲ್ಲೇ ಬರುತ್ತದೆ. ಅಣ್ಣನ ಪಡಸಾಲೆಯಲ್ಲಿ ಹೊಸ ಕುಣಿ ತೋಡಿ ಮಗ್ಗ ನಿಲ್ಲಿಸಿದ್ದಾರೆ, ಅತ್ತಿಗೆ ಪಕ್ಕದಲ್ಲಿ ಕೂಡಲು ಕಲಿತಿದ್ದಾಳೆ ಎಂದು ದೊಡ್ಡಾಕಿಯೇ ಹೇಳಿದಳು.

ಹೋದ ತಿಂಗಳು ಬಂಧುಗಳ ನಿಶ್ಚಿತಾರ್ಥಕ್ಕೆಂದು ಗದ್ವಾಲಿಗೆ ಹೋಗಿದ್ದೆ. ಊಟವಾದ ಮೇಲೆ ಕಾಲು ತಾವಾಗಿಯೇ ಕೋಟೆಯ ಹಿಂದಿನ ಆ ಓಣಿಗೆ ನಡೆದವು. ಅತ್ತೆ ಹೊರಗಿನ ಕಟ್ಟೆಯ ಮೇಲೆ ನೂಲು ಸುತ್ತುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸುವುದಿಲ್ಲ ಎಂದುಕೊಂಡು ದಾಟಿ ಹೋಗುತ್ತಿದ್ದೆ.

"ಕೋರ್ಟಿನ ಮೇಡಂ ಅಲ್ರೀ?" ಎಂದಳು.

ನಿಂತೆ. ಅವಳೇ, ಕೈಯ ನೂಲು ನಿಲ್ಲಿಸದೆ, "ಆಕಿ ಚಂದ ಅದಾಳ?" ಎಂದು ಕೇಳಿದಳು.

"ಅದಾಳ್ರಿ. ನೇಯ್ತಾಳ."

"ಮಗ್ಗಕ್ಕ ಯಾವ ಬಣ್ಣದ್ದು ಹಾಕ್ಯಾಳ ಈಗ?"

ನನಗೆ ಗೊತ್ತಿರಲಿಲ್ಲ. ಹಾಗೇ ಹೇಳಿದೆ. ಅವಳು ತಲೆಯಾಡಿಸಿ, ನೀರು ಕುಡಿದು ಹೋಗಿರೆಂದು ಒಳಗೆ ಎದ್ದು ಹೋದಳು. ನಾನು ಕಟ್ಟೆಯ ಮೇಲೆ ಕೂತು ದೊಡ್ಡಾಕಿಗೆ ಫೋನು ಮಾಡಿದೆ.